ಗಮನದ ಪ್ರೊಫೆಸರು ಅಕ್ಕನ ಕುರಿ ಕದ್ದದ್ದು

ಪ್ರೊಫೆಸರ್ ಮಾರುತೇಶರು ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದೇ ವಿಷಯವನ್ನು ಸಂಶೋಧಿಸುತ್ತಿದ್ದರು. ಮನುಷ್ಯನ ಮಿದುಳು ಗಮನ ಕೊಡುವುದು ಹೇಗೆ ಎಂಬುದೇ ಆ ವಿಷಯ. ಗಮನ ಕೊಡದೆ ಇರುವುದು ಹೇಗೆ ಎಂಬುದನ್ನು ಅವರು ಬೇರೆಯಾಗಿ ಸಂಶೋಧಿಸುವ ಅಗತ್ಯವಿರಲಿಲ್ಲ. ಅದನ್ನು ದಿನವೂ ಸ್ವತಃ ಮಾಡಿ ತೋರಿಸುತ್ತಿದ್ದರು. ಒಮ್ಮೆ ಕಾರಿಡಾರಿನಲ್ಲಿ ಒಂದು ಬಾಗಿಲು ಮುಂದೆ ಹೋಗಿ, ವಾಣಿಜ್ಯ ವಿಭಾಗದ ಹುಡುಗರಿಗೆ ಪೂರಾ ಒಂದು ಗಂಟೆ ನರಕೋಶದ ಪಾಠ ಮಾಡಿ ಬಂದಿದ್ದರು. ಹುಡುಗರು ಪಾಪ, ಎಲ್ಲವನ್ನೂ ಬರೆದುಕೊಂಡು, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದ್ದರು. ಖಂಡಿತ ಬರುತ್ತದೆ ಎಂದು ಮಾರುತೇಶರು ಭರವಸೆಯನ್ನೂ ಕೊಟ್ಟಿದ್ದರು. ವಿದೇಶದ ಪತ್ರಿಕೆಗಳಲ್ಲಿ ಅವರ ಹೆಸರು ಅಚ್ಚಾಗುತ್ತಿತ್ತು. ಕೆಂಪು ಚುಕ್ಕೆ ಕಂಡ ಕೂಡಲೇ ಗುಂಡಿ ಒತ್ತುವುದಕ್ಕೆ ಮನುಷ್ಯನಿಗೆ ಎಷ್ಟು ಹೊತ್ತು ಬೇಕು ಎಂದು ಭರತಖಂಡದಲ್ಲಿ ಅವರಷ್ಟು ಖಚಿತವಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ ಎಂದು ಅವರ ವಿದ್ಯಾರ್ಥಿಗಳು ಹೇಳುತ್ತಿದ್ದರು.

ಇಂಥ ವಿದ್ವಾಂಸರನ್ನು ಅವರ ಸ್ವಂತ ಅಕ್ಕ ಒಂಬತ್ತು ವರ್ಷಗಳಿಂದ ಮಾತಾಡಿಸಿರಲಿಲ್ಲ.

ಅಕ್ಕ ಎಂದರೆ ಚಿನ್ನಕ್ಕ. ದೊಡ್ಡಉಳ್ಳಾರ್ತಿ ಕಡೆಯ ಹಟ್ಟಿಯೊಂದಕ್ಕೆ ಕೊಟ್ಟವಳು. ಗಂಡ ಗಾದ್ರಪ್ಪ, ಒಬ್ಬಳೇ ಮಗಳು ರೂಪ, ಮಿಕ್ಕಂತೆ ಕುರಿಗಳೇ ಸಂಸಾರ. ಮಾರುತೇಶರಿಗೆ ಐದು ವರ್ಷವಾಗಿದ್ದಾಗ ಅವ್ವ ತೀರಿಕೊಂಡಿದ್ದಳು. ಆಗಿನಿಂದ ಅವರನ್ನು ಸೊಂಟದ ಮೇಲೆ ಕೂರಿಸಿಕೊಂಡು ಕುರಿ ಕಾದವಳು, ಮುದ್ದೆ ಮುರಿದು ಬಾಯಿಗಿಟ್ಟವಳು, ತಾನು ಶಾಲೆ ಬಿಟ್ಟು ಇವರನ್ನು ತಳಕಿನ ಶಾಲೆಗೆ ಸೇರಿಸಿದವಳು ಈ ಅಕ್ಕನೇ. ಹಾಗಾಗಿ ಮೈಸೂರಿನಲ್ಲಿ ಎಷ್ಟು ಸನ್ಮಾನವಾದರೂ ಮಾರುತೇಶರಿಗೆ ಹೊಟ್ಟೆ ತುಂಬುತ್ತಿರಲಿಲ್ಲ. "ಮಾರುತ" ಎಂದು ಕರೆಯುವ ಒಂದು ದನಿಗಾಗಿ ಐವತ್ತರ ಹತ್ತಿರ ಬಂದ ಆ ಗಂಡಸು ಒಳಗೊಳಗೇ ಹಂಬಲಿಸುತ್ತಿದ್ದರು. ಊಟದ ಹೊತ್ತಿಗೆ ಆ ಹಂಬಲ ಹೆಚ್ಚಾಗಿ, ಸಾರಿನ ಬದಲು ನೀರು ಬಡಿಸಿಕೊಳ್ಳುತ್ತಿದ್ದರು.

ಮಾತು ನಿಂತದ್ದು ಹೇಗೆ ಎಂದರೆ, ಅದು ತೊಂಬತ್ತನಾಲ್ಕರಲ್ಲಿ ರೂಪಳ ಮದುವೆಯಲ್ಲಿ. ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ; ಧಾರೆ ಸೀರೆ ತರುವವನೂ ಅವನೇ. ಮಾರುತೇಶರು ಸೀರೆ ತರಲೆಂದು ಮೂರು ದಿನ ಮುಂಚೆಯೇ ಮೊಳಕಾಲ್ಮುರಿಗೆ ಹೋದರು. ನೇಕಾರ ಚಂದ್ರಣ್ಣನ ಮಗ್ಗದ ಮೇಲೆ ಸೀರೆ ಇನ್ನೊಂದು ಮೊಳ ಬಾಕಿಯಿತ್ತು. "ಮಧ್ಯಾಹ್ನದೊತ್ತಿಗೆ ಕೊಯ್ದು ಕೊಡ್ತೀನಿ, ಕೂತ್ಕೊಳ್ರಿ ಸಾರು," ಎಂದ ಚಂದ್ರಣ್ಣ. ಪ್ರೊಫೆಸರು ಕೂತರು. ಕೂತವರು ನೋಡಿದರು. ಚಂದ್ರಣ್ಣ ಬಾಗಿಲಲ್ಲಿ ನಿಂತ ಒಬ್ಬನೊಡನೆ ತೆಲುಗಿನಲ್ಲಿ ಜಗಳವಾಡುತ್ತ, ಒಳಗಿನ ಹೆಂಡತಿಗೆ ಕನ್ನಡದಲ್ಲಿ ಉತ್ತರ ಕೊಡುತ್ತ ನೇಯುತ್ತಿದ್ದ. ಒಂದು ಎಳೆ ಕಡಿದದ್ದೇ ತಡ, ಕಣ್ಣು ಅತ್ತ ತಿರುಗುವ ಮೊದಲೇ ಕೈ ನಿಂತಿತು.

ಗಮನದ ಪ್ರೊಫೆಸರಿಗೆ ಮೈ ಜುಮ್ಮೆಂದಿತು. ಜೇಬಿನಿಂದ ಗಡಿಯಾರ ತೆಗೆದರು. ಆದರೆ ಮುಂದಿನ ಎಳೆ ಬೇಗ ಕಡಿಯಲೊಲ್ಲದು. ವಿಜ್ಞಾನ ಎಷ್ಟು ಹೊತ್ತು ಕಾಯಬೇಕು? ಚಂದ್ರಣ್ಣ ಅತ್ತ ಮುಖ ಮಾಡಿದಾಗ ಇವರೇ ಮೆಲ್ಲಗೆ ಒಂದು ಎಳೆ ಕಡಿದರು. ಕಡಿದು ಗಡಿಯಾರ ನೋಡಿದರು. ಹೀಗೆ ಕಡಿಯುವುದು, ನೋಡುವುದು, ಬರೆದುಕೊಳ್ಳುವುದು. ಚಂದ್ರಣ್ಣ ಹಣೆ ಚಚ್ಚಿಕೊಳ್ಳುವುದು, ಎಳೆ ಕೂಡಿಸುವುದು. ಮಧ್ಯಾಹ್ನಕ್ಕೆ ಮುಗಿಯಬೇಕಾದ ಸೀರೆ ನಾಲ್ಕನೆಯ ದಿನಕ್ಕೆ ಮುಗಿಯಿತು. ಮಾರುತೇಶರು ಸೀರೆ ಹಿಡಿದುಕೊಂಡು ಹಟ್ಟಿಗೆ ಬಂದಾಗ ಮದುವೆ ಮುಗಿದು, ಚಪ್ಪರದ ಕೆಳಗೆ ಹೆಂಗಸರು ಬಾಂಡ್ಲಿ ತಿಕ್ಕುತ್ತಿದ್ದರು. ರೂಪಳನ್ನು ಯಾರೋ ದೂರದ ನಂಟ ಹಸೆಗೆ ಕರೆತಂದಿದ್ದ.

"ಎಲ್ಲಿಗೋಗಿದ್ದೆ?" ಎಂದಳು ಚಿನ್ನಕ್ಕ.

ಪ್ರೊಫೆಸರ ಮುಖ ಅರಳಿತು. "ಅಕ್ಕಾ, ಮುನ್ನೂರು ಮಿಲಿಸೆಕೆಂಡು! ಒಂದು ಎಳೆ ಕಡಿದದ್ದು ಗೊತ್ತಾಗೋಕೆ ಅಷ್ಟೇ ಸಾಕು!"

ಅಕ್ಕತಮ್ಮಂದಿರ ನಡುವೆ ನಡೆದ ಕೊನೆಯ ಸಂಭಾಷಣೆ ಇದೇ. ಆ ಸೀರೆಯನ್ನು ರೂಪ ಆಮೇಲೆ ಉಟ್ಟು, ಹಳತು ಮಾಡಿ, ಮಕ್ಕಳಿಗೆ ಹಾಸಿದ್ದೂ ಆಯಿತು. ಅಕ್ಕನ ಮಾತು ಮಾತ್ರ ಹೊರಡಲಿಲ್ಲ. ಮಾರುತೇಶರು ಎರಡು ಸಲ ಹಬ್ಬಕ್ಕೆ ಬಂದುಹೋದರು, ನಾಲ್ಕು ಕಾಗದ ಬರೆದರು. ಅದರಲ್ಲಿ ಒಂದು ಕಾಗದ ದೆಹಲಿಯ ಕಚೇರಿಗೆ ಹೋಗಿ, ಅಲ್ಲಿಗೆ ಹೋಗಬೇಕಾದ ವಾರ್ಷಿಕ ವರದಿ ಅಕ್ಕನಿಗೆ ಬಂತು.

ಕೊನೆಗೆ ಎರಡು ಸಾವಿರದ ಮೂರರಲ್ಲಿ ಅವರು ದೊಡ್ಡವರು ಮಾಡುವ ಕೆಲಸ ಮಾಡಿದರು. ಒಂದು ಸಂಶೋಧನಾ ಯೋಜನೆ ಹಾಕಿದರು. 'ಬಯಲು ಸೀಮೆಯ ಕುರಿಗಾಹಿಗಳಲ್ಲಿ ಗಮನದ ಸ್ವರೂಪ'. ನೂರಾರು ಕುರಿಯ ಮಂದೆಯಲ್ಲಿ ಒಂದು ತಪ್ಪಿದರೂ ಕುರಿಗಾಹಿಗೆ ಹೇಗೆ ಗೊತ್ತಾಗುತ್ತದೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ ಎಂಬುದೇ ಪ್ರಶ್ನೆ. ಅರ್ಜಿಯಲ್ಲಿ 'ಉದ್ದೇಶ' ಎಂಬ ಕಾಲಂ ಇತ್ತು. ಅಲ್ಲಿ ಹತ್ತು ಸಾಲು ಬರೆದರು. 'ಅಕ್ಕನ ಹತ್ತಿರ ಎಂಟು ದಿನ ಇರುವುದು' ಎಂಬ ನಿಜವಾದ ಉದ್ದೇಶ ಮಾತ್ರ ಅದರಲ್ಲಿ ಬರಲಿಲ್ಲ. ದೆಹಲಿಯಿಂದ ಯೋಜನೆ ಮಂಜೂರಾಯಿತು.

ಅವರು ಹಟ್ಟಿಗೆ ಬಂದ ದಿನವೇ ಭಾವ ಗಾದ್ರಪ್ಪ ಮಗಳ ಮನೆಗೆಂದು ಮೊಳಕಾಲ್ಮುರಿಗೆ ಹೊರಟಿದ್ದ. "ಹೆಂಗೂ ನೀನಿದೀಯ, ಅಕ್ಕನ್ನ ನೋಡ್ಕೊ," ಎಂದು ಹೇಳಿ ಬಸ್ಸು ಹತ್ತಿದ. ಹೀಗಾಗಿ ಮನೆಯಲ್ಲಿ ಉಳಿದವರು ಮಾತಾಡದ ಅಕ್ಕ, ಮಾತಿಗೆ ಹಂಬಲಿಸುವ ತಮ್ಮ, ಮತ್ತು ನಡುಮನೆಯ ಕಂಬ. ಈ ಕಂಬದ ಪಾತ್ರ ದೊಡ್ಡದು. ಚಿನ್ನಕ್ಕ ಹೇಳಬೇಕಾದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು.

"ಹೊಟ್ಟೆ ಹಸಿದಿದ್ರೆ ಮುದ್ದೆ ಐತೆ, ಉಣ್ಲಿ," ಎಂದಳು ಕಂಬಕ್ಕೆ.

"ಉಣ್ತೀನಕ್ಕಾ," ಎಂದರು ಮಾರುತೇಶರು.

ಚಿನ್ನಕ್ಕ ಕಂಬವನ್ನೇ ನೋಡುತ್ತ ತಟ್ಟೆ ಕುಕ್ಕಿದಳು. ಆದರೆ ತಟ್ಟೆಯಲ್ಲಿ ಮುದ್ದೆಯ ಪಕ್ಕ ತಮ್ಮನಿಗೆ ಇಷ್ಟವಾದ ಶೇಂಗಾ ಚಟ್ನಿ ಇತ್ತು. ಅದನ್ನು ಕಂಡು ಪ್ರೊಫೆಸರು ಮೊದಲ ತುತ್ತನ್ನೇ ಅದರಲ್ಲಿ ಅದ್ದಿದರು. ಅವರು ಇಡೀ ಊಟವನ್ನು ಬಾಯಿ ಬಿಡದೆ ಉಂಡರು, ಬಿಟ್ಟರೆ ಅತ್ತುಬಿಡುತ್ತಿದ್ದರು.

ಊಟವಾದ ಮೇಲೆ ವಿಜ್ಞಾನ ನೆನಪಾಯಿತು. "ಅಕ್ಕಾ, ಒಟ್ಟು ಎಷ್ಟು ಕುರಿ ಅವೆ?"

ಚಿನ್ನಕ್ಕನ ಕೈಯಲ್ಲಿದ್ದ ಚೊಂಬು ನಿಂತುಹೋಯಿತು. "ಕುರಿ ಎಣಿಸ್ದೋರ ಮನೆ ಏಳಿಗೆ ಆಗಲ್ಲ ಅಂತ ಹುಟ್ಟಿದ ಕೂಸಿಗೂ ಗೊತ್ತೈತೆ," ಎಂದಳು ಕಂಬಕ್ಕೆ. "ಓದಿದೋರಿಗೆ ಗೊತ್ತಿಲ್ಲ."

ಗೊತ್ತಿಲ್ಲದೇನು, ಗೊತ್ತಿತ್ತು. ಆ ಹಟ್ಟಿಯಲ್ಲಿ ಯಾರೂ ಕುರಿಯನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿಯಾಗಿ ಮಂದೆ ಇಳಿಯುತ್ತದೆ ಎಂದು ನಂಬಿಕೆ. ಒಂದೊಂದು ಕುರಿಗೂ ಹೆಸರಿದೆ, ಮುಖವಿದೆ, ಗುಣವಿದೆ, ಸಂಖ್ಯೆ ಇಲ್ಲ. ಆದರೆ ಸಂಖ್ಯೆ ಇಲ್ಲದ ಪ್ರಬಂಧವನ್ನು ಯಾವ ಪತ್ರಿಕೆ ಅಚ್ಚು ಹಾಕುತ್ತದೆ? ಮಾರನೆಯ ಬೆಳಿಗ್ಗೆ ಮುಳ್ಳುಬೇಲಿಯ ರೊಪ್ಪದಿಂದ ಕುರಿಗಳು ಒಂದೊಂದಾಗಿ ಹೊರಬೀಳುವಾಗ ಪ್ರೊಫೆಸರು ಬಾಗಿಲ ಬಳಿ ಆಕಾಶ ನೋಡುತ್ತ ನಿಂತು, ಜೇಬಿನೊಳಗೇ ಎಣಿಸುವ ಯಂತ್ರವನ್ನು ಟಿಕ್ಕು ಟಿಕ್ಕು ಎಂದು ಒತ್ತಿದರು. ಅರವತ್ತಮೂರು.

ಅಂದೇ ಪ್ರಯೋಗ ಶುರುವಾಯಿತು. ಊರಾಚೆಯ ಹುಲ್ಲುಬಯಲಾದ ಕಾವಲಿನಲ್ಲಿ ಅಕ್ಕ ಅತ್ತ ತಿರುಗಿದ್ದಾಗ ಮಂದೆಯ ಅಂಚಿನಿಂದ ಒಂದು ಕುರಿ ಹಿಡಿದು, ಜಾಲಿ ಪೊದೆಯ ಮರೆಯಲ್ಲಿ ಬಗ್ಗಿಕೊಂಡು ಎಳೆದೊಯ್ದು, ಪಕ್ಕದ ಹೊಲದ ಪಾತಣ್ಣನ ಪಾಳುಬಿದ್ದ ಪಂಪ್‌ಹೌಸಿನಲ್ಲಿ ಕೂಡಿದರು. ಸೊಪ್ಪು ಹಾಕಿದರು, ಬಕೆಟ್ಟಿನಲ್ಲಿ ನೀರಿಟ್ಟರು. ಆಮೇಲೆ ಗಡಿಯಾರ ಹಿಡಿದು ಅಕ್ಕನ ಎದುರಿಗೆ ಬಂದು ಕುಳಿತರು. ಗಂಡ ಇದ್ದಿದ್ದರೆ ಏನಾದರೂ ಹೇಳುತ್ತಿದ್ದ. ಚಿನ್ನಕ್ಕ ತುಟಿ ಬಿಚ್ಚಲಿಲ್ಲ. ಸಂಜೆ ಮಂದೆ ರೊಪ್ಪಕ್ಕೆ ಸೇರಿತು, ಆಗಲೂ ಬಿಚ್ಚಲಿಲ್ಲ. ಕಂಬಕ್ಕೂ ಹೇಳಲಿಲ್ಲ. 'ಗಮನಿಸಿಲ್ಲ' ಎಂದು ಪ್ರೊಫೆಸರು ಬರೆದುಕೊಂಡರು. ಮರುದಿನ ಇನ್ನೊಂದು ಒಯ್ದರು, ಅದರ ಮರುದಿನ ಮತ್ತೊಂದು. ಗಮನಿಸಿಲ್ಲ, ಗಮನಿಸಿಲ್ಲ. ಪ್ರಪಂಚವೆಲ್ಲ ಕುರಿಗಾಹಿಯ ಕಣ್ಣು ಹದ್ದಿನ ಕಣ್ಣು ಎನ್ನುತ್ತಿದ್ದರೆ, ಇಲ್ಲಿ ಮೂರು ಕುರಿ ಹೋದರೂ ಗೊತ್ತಾಗಿಲ್ಲ! ಪ್ರಬಂಧದ ಮೊದಲ ವಾಕ್ಯ ಅವರ ತಲೆಯಲ್ಲಿ ತಾನಾಗಿ ಮೂಡಿತು. ಹಾಗೆಯೇ ಒಂದು ದುಃಖವೂ ಮೂಡಿತು. ನನ್ನ ಚಿಕ್ಕಂದಿನಲ್ಲಿ ಮರಿಯೊಂದು ಸೀನಿದರೂ ತಿರುಗಿ ನೋಡುತ್ತಿದ್ದ ಅಕ್ಕನಿಗೆ ವಯಸ್ಸಾಯಿತಲ್ಲ ಎಂದು ಅವರು ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕುಳಿತು ಮೂಗು ಒರೆಸಿಕೊಂಡರು.

ಓದುಗರಿಗೆ ಇಲ್ಲೊಂದು ಸತ್ಯ ಹೇಳಿಬಿಡಬೇಕು. ಚಿನ್ನಕ್ಕನಿಗೆ ಗೊತ್ತಾಗಿತ್ತು. ಮೊದಲ ಕುರಿ ಹತ್ತು ಹೆಜ್ಜೆ ಹೋಗುವುದರೊಳಗೇ ಗೊತ್ತಾಗಿತ್ತು. ಪಕ್ಕದ ಮಂದೆಯ ಲಕ್ಷ್ಮಕ್ಕನಿಗೂ ಗೊತ್ತಾಗಿತ್ತು. ಬಯಲು ಕಾವಲಿನಲ್ಲಿ ಬಿಳಿ ಅಂಗಿ ತೊಟ್ಟು ಬಗ್ಗಿಕೊಂಡು ನಡೆಯುವವರನ್ನು ಮರೆಮಾಚುವ ಪೊದೆ ಇನ್ನೂ ಹುಟ್ಟಿಲ್ಲ.

"ಏ ಚಿನ್ನಕ್ಕ, ನಿನ್ ತಮ್ಮ ಕುರಿ ಎಳ್ಕೊಂಡು ಹೋಗ್ತಾ ಅವ್ನಲ್ಲೇ!" ಎಂದಿದ್ದಳು ಲಕ್ಷ್ಮಕ್ಕ.

"ಮೆಲ್ಲಗೆ ಮಾತಾಡೇ. ಅವನಿಗೇನು ಕಷ್ಟ ಬಂದೈತೋ. ಮಾತು ಬಿಟ್ಟಿರೋಳ ಹತ್ರ ಕೇಳೋದಾದ್ರೂ ಹೆಂಗೆ? ನಾನು ನೆಟ್ಟಗೆ ಮಾತಾಡಿದ್ರೆ 'ಅಕ್ಕಾ, ಒಂದು ಮರಿ ಕೊಡು' ಅಂತಿದ್ದ. ತವರು ಅಂತ ನಂಗಿರೋನು ಅವನೊಬ್ನೇ. ನೀನು ಕಂಡಂಗೆ ಇರಬ್ಯಾಡ."

ಲಕ್ಷ್ಮಕ್ಕ ಆಣೆ ಇಟ್ಟು ಒಪ್ಪಿದಳು. ಒಪ್ಪಿದ ಮೇಲೆ ಇಬ್ಬರಿಗೆ ಮಾತ್ರ ಹೇಳಿದಳು. ಆ ಇಬ್ಬರೂ ಒಬ್ಬೊಬ್ಬರಿಗೆ ಮಾತ್ರ ಹೇಳಿದರು. ಮೂರನೆಯ ದಿನದ ಹೊತ್ತಿಗೆ ಹಟ್ಟಿಯಲ್ಲಿ ಗೊತ್ತಿಲ್ಲದವರೆಂದರೆ ಗೊತ್ತಾಗಿದೆ ಎಂಬುದು ಗೊತ್ತಿಲ್ಲದ ಪ್ರೊಫೆಸರು ಒಬ್ಬರೇ. ಅವರು ಬೀದಿಯಲ್ಲಿ ಬಂದರೆ ಜನ ಕುರಿಮರಿಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಎಷ್ಟು ಅಕ್ಕರೆಯ ಜನ ಎಂದು ಅವರು ಸಂತೋಷಪಟ್ಟರು.

ನಾಲ್ಕನೆಯ ದಿನ ಬೆಳಿಗ್ಗೆ ಪಂಚಾಯ್ತಿ ಮೆಂಬರ್ ಪಾಲಣ್ಣ ಜಗಲಿಗೆ ಬಂದ. ಚಿನ್ನಕ್ಕ ಆಗಲೇ ಕಾವಲಿಗೆ ಹೋಗಿದ್ದರಿಂದ ಪ್ರೊಫೆಸರೇ ಟೀ ಕೊಟ್ಟರು. ದೊಡ್ಡ ಮನುಷ್ಯನಿಗೆ ಬುದ್ಧಿ ಹೇಳುವುದು ಹೇಗೆಂದು ತಿಳಿಯದೆ ಪಾಲಣ್ಣ ತಲೆ ಕೆರೆದುಕೊಂಡ.

"ಮಾರುತಣ್ಣ, ಮೈಸೂರಲ್ಲಿ ಎಲ್ಲ ಸುಖವಾ? ಅಡಚಣೆ ಗಿಡಚಣೆ ಏನೂ ಇಲ್ವಲ್ಲ?"

"ಏನೂ ಇಲ್ಲ ಪಾಲಣ್ಣ. ಆದ್ರೆ ಇಲ್ಲಿ ಮಾಡೋ ಕೆಲಸದ ಆನಂದ ಅಲ್ಲಿಲ್ಲ."

"ಇಲ್ಲೇನು ಕೆಲಸ ಮಾಡ್ತೀರಿ?"

"ಕುರಿ ತೆಗೆಯೋದು," ಎಂದರು ಪ್ರೊಫೆಸರು ಮುಖ ಅರಳಿಸಿ. "ದಿನಕ್ಕೊಂದು. ಮೂರು ತೆಗೆದಿದೀನಿ. ನೋಡಿ, ಅಕ್ಕನಿಗೆ ಒಂದೂ ಗೊತ್ತಾಗಿಲ್ಲ!"

ಪಾಲಣ್ಣನ ಬಾಯಲ್ಲಿದ್ದ ಟೀ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕಳ್ಳರನ್ನು ಅವನು ಕಂಡಿದ್ದ. ಇಷ್ಟು ಸಂತೋಷವಾಗಿರುವ ಕಳ್ಳನನ್ನು ಕಂಡಿರಲಿಲ್ಲ.

"ಒಬ್ರೇ ಮಾಡ್ತೀರೋ, ಜೊತೆಗೆ ಯಾರಾದ್ರೂ ಅವ್ರೋ?"

"ಸದ್ಯ ಒಬ್ನೇ. ಮುಂದಿನ ವರ್ಷ ನನ್ನ ಶಿಷ್ಯರು ಬರ್ತಾರೆ. ಒಳ್ಳೇ ಕೈ ಇರೋ ಹುಡುಗರು. ಪರಶುರಾಂಪುರ ಒಬ್ರಿಗೆ, ತಳಕು ಒಬ್ರಿಗೆ. ಚಳ್ಳಕೆರೆ ತಾಲ್ಲೂಕು ಮುಗಿಸಿ ಮೊಳಕಾಲ್ಮುರಿಗೆ ಹೋಗ್ಬೇಕು ಅಂತ."

"ಮೇಲಿನೋರು ಯಾರೂ ಕೇಳಲ್ವಾ ಸಾರ್?"

"ಕೇಳೋದೇನು, ದೆಹಲಿಯೋರೇ ಕಳಿಸಿರೋದು! ಹೊರದೇಶದೋರೂ ಆಸಕ್ತಿ ತೋರಿಸಿದಾರೆ."

ಪಾಲಣ್ಣ ಲೋಟ ಕೆಳಗಿಟ್ಟ. ಆ ವರ್ಷ ಕಾವಲಿನ ಸುತ್ತ ಕುರಿ ಕಳ್ಳರ ಕಾಟ ವಿಪರೀತವಾಗಿತ್ತು. ಸಂತೆಯ ಹಿಂದಿನ ದಿನ ಯಾವುದೋ ಟೆಂಪೊ ಬರುವುದು, ಹತ್ತು ಕುರಿ ಕಾಣೆಯಾಗುವುದು. ಇದರ ಬೇರು ಎಲ್ಲಿದೆ ಎಂದು ಊರೆಲ್ಲ ತಲೆ ಕೆಡಿಸಿಕೊಂಡಿತ್ತು. ಬೇರು ದೆಹಲಿಯಲ್ಲಿ, ಅಲ್ಲಿಂದ ಹೊರದೇಶದಲ್ಲಿ ಇದೆಯೆಂದು ಪಾಲಣ್ಣನಿಗೆ ಈಗ ತಿಳಿಯಿತು. ಅವನು ನೆಟ್ಟಗೆ ಠಾಣೆಗೆ ಹೋದ.

ಒಂದು ಗಂಟೆಯಲ್ಲಿ ದಫೇದಾರ್ ಬೊಮ್ಮಣ್ಣ ಒಂದು ಲಗೇಜ್ ಆಟೊ ಸಮೇತ ಬಂದ. ಪ್ರೊಫೆಸರು ಅವನನ್ನೂ ಪ್ರೀತಿಯಿಂದ ಪಂಪ್‌ಹೌಸಿಗೆ ಕರೆದೊಯ್ದು ಮೂರು ಕುರಿಗಳನ್ನೂ ತೋರಿಸಿದರು. "ಠಾಣೆಗೆ ಹೋಗಿ ಒಂದು ಟೀ ಕುಡಿಯಣ ಬರ್ರಿ ಸಾರ್," ಎಂದ ಬೊಮ್ಮಣ್ಣ. ಇಲಾಖೆಯವರಿಗೂ ಸಂಶೋಧನೆಯಲ್ಲಿ ಆಸಕ್ತಿ ಇರುವುದು ಕಂಡು ಪ್ರೊಫೆಸರು ಆಟೊದ ಹಿಂದೆ ಕುರಿಗಳ ನಡುವೆ ಕುಳಿತರು. ದಾರಿಯುದ್ದಕ್ಕೂ ಬೊಮ್ಮಣ್ಣನಿಗೆ ಕೆಂಪು ಚುಕ್ಕೆಯ ಪ್ರಯೋಗ ವಿವರಿಸಿದರು. ಚುಕ್ಕೆ ಕಂಡರೆ ಗುಂಡಿ ಒತ್ತಬೇಕು ಎಂದದ್ದನ್ನು ಬೊಮ್ಮಣ್ಣ ಬಾಂಬಿನ ವಿಷಯವೆಂದು ತಿಳಿದು, ಆಟೊದವನಿಗೆ ಜೋರಾಗಿ ಓಡಿಸಲು ಹೇಳಿದ.

ಕಾವಲಿನಲ್ಲಿ ಸುದ್ದಿ ಮುಟ್ಟಿದಾಗ ಚಿನ್ನಕ್ಕ ಮಂದೆಯನ್ನು ಲಕ್ಷ್ಮಕ್ಕನಿಗೆ ಒಪ್ಪಿಸಿ, ಸಿಕ್ಕ ಟ್ರಾಕ್ಟರ್ ಹತ್ತಿ ಠಾಣೆಗೆ ಬಂದಳು. ಅಂಗಳದ ಬೇವಿನ ಮರಕ್ಕೆ ಮೂರು ಕುರಿ ಕಟ್ಟಿದ್ದರು. ಮರದ ಕೆಳಗೆ ಬೆಂಚಿನ ಮೇಲೆ ತಮ್ಮ ಕೂತಿದ್ದ, ಅಂಗಿಯ ಮೇಲೆಲ್ಲ ಹಿಕ್ಕೆ. ಟೀ ಲೋಟದಲ್ಲಿ ಪೆನ್ನು ಅದ್ದಿಕೊಂಡು ಏನೋ ಯೋಚಿಸುತ್ತಿದ್ದ. ಸುತ್ತ ಪಾಲಣ್ಣ ಮತ್ತು ಹಟ್ಟಿಯ ಹತ್ತು ಜನ.

"ಬಾರಮ್ಮ," ಎಂದ ಬೊಮ್ಮಣ್ಣ. "ಕಿವಿ ಕೊಯ್ದ ಗುರುತು ನೋಡು, ಕುರಿ ನಿನ್ನವೇ ತಾನೆ?"

"ನನ್ನವೇ ಸ್ವಾಮಿ."

"ಹಂಗಾದ್ರೆ ನಿನ್ ತಮ್ಮ ಕದ್ದಾನೆ ಅಂತ ಒಂದು ಹೇಳಿಕೆ ಕೊಡು."

ಚಿನ್ನಕ್ಕ ಸೆರಗು ಬಿಗಿದಳು. "ಕದ್ದಿಲ್ಲ ಸ್ವಾಮಿ. ನಾನೇ ಕೊಟ್ಟಿದ್ದು. ತವರಿನ ತಮ್ಮ, ಬಾಳ ದಿನಕ್ಕೆ ಬಂದಾನೆ. ಕೊಡಬಾರದಾ?"

"ಇಲ್ಲ ಇಲ್ಲ," ಎಂದು ಪ್ರೊಫೆಸರು ಎದ್ದು ನಿಂತರು. "ಅಕ್ಕ ಕೊಟ್ಟಿಲ್ಲ. ನಾನೇ ತೆಗೆದದ್ದು. ಅಕ್ಕನಿಗೆ ಗೊತ್ತೇ ಆಗಿಲ್ಲ, ಅದೇ ಇದರಲ್ಲಿರೋ ವಿಶೇಷ!"

ಬೊಮ್ಮಣ್ಣ ಒಬ್ಬರನ್ನು ಬಿಟ್ಟು ಒಬ್ಬರ ಮುಖ ನೋಡಿದ. ಮೂವತ್ತು ವರ್ಷದ ನೌಕರಿಯಲ್ಲಿ ಕಳೆದುಕೊಂಡವರೇ ಇಲ್ಲವೆಂದು, ಕದ್ದವನೇ ಹೌದೆಂದು ಹಟ ಹಿಡಿದದ್ದು ಇದೇ ಮೊದಲು. "ಸರಿ, ಜಗಳ ಯಾಕೆ? ನಿನ್ನ ಮಂದೇಲಿ ಎಷ್ಟಿತ್ತು, ಈಗೆಷ್ಟೈತೆ, ಹೇಳಮ್ಮ. ತಪ್ಪಿದ್ರೆ ಕಳವು, ತಪ್ಪದಿದ್ರೆ ಇಲ್ಲ."

"ನಾವು ಎಣಿಸಂಗಿಲ್ಲ ಸ್ವಾಮಿ," ಎಂದಳು ಚಿನ್ನಕ್ಕ. ಹಟ್ಟಿಯವರೆಲ್ಲ ಹೌದೆಂದು ತಲೆಯಾಡಿಸಿದರು. ಎಣಿಸದ ಮಂದೆಯಲ್ಲಿ ಎಷ್ಟು ತಪ್ಪಿತೆಂದು ಯಾವ ಕೋರ್ಟು ಹೇಳೀತು? ಬೊಮ್ಮಣ್ಣ ಪೆನ್ನಿನ ಟೋಪಿ ಮುಚ್ಚತೊಡಗಿದ. ಪ್ರೊಫೆಸರು ಅಲ್ಲಿಗೆ ಸುಮ್ಮನಿದ್ದಿದ್ದರೆ ಕೇಸು ಮುಗಿಯುತ್ತಿತ್ತು. ಆದರೆ ತಮ್ಮ ಬಳಿ ಅಂಕಿಅಂಶ ಇರುವಾಗ ಸುಮ್ಮನಿರುವುದು ವಿಜ್ಞಾನಿಯ ಧರ್ಮವಲ್ಲ.

"ನಾನು ಎಣಿಸಿದೀನಿ!" ಎಂದು ಅವರು ನೋಟ್‌ಬುಕ್ ಎತ್ತಿ ಹಿಡಿದರು. "ನಿಖರವಾದ ಸಂಖ್ಯೆ ಇದೆ. ಒಟ್ಟು ಅರವತ್ತ—"

ಹಟ್ಟಿಯವರೆಲ್ಲ ಒಟ್ಟಿಗೆ ಉಸಿರು ಎಳೆದುಕೊಂಡರು. ಪಾಲಣ್ಣ ಕಿವಿ ಮುಚ್ಚಿಕೊಂಡ. ಕುರಿ ಕದ್ದದ್ದನ್ನು ಹೇಗೋ ತಡೆದುಕೊಳ್ಳಬಹುದು. ಹತ್ತು ಜನರ ಎದುರಿಗೆ, ಹಾಡುಹಗಲಿನಲ್ಲಿ, ಬಾಯಿಬಿಟ್ಟು ಎಣಿಕೆ ಹೇಳುವುದೇ! ಚಿನ್ನಕ್ಕ ಎರಡೇ ನೆಗೆತಕ್ಕೆ ಬಂದು ತಮ್ಮನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಬಾಯಿ ಮುಚ್ಚೋ ಮಾರುತ!"

ಬಾಯಿ ಮುಚ್ಚಿಸಿಕೊಂಡ ಪ್ರೊಫೆಸರ ಕಣ್ಣು ಅಗಲವಾದವು, ಆಮೇಲೆ ತುಂಬಿದವು. ಅಕ್ಕನ ಅಂಗೈಯ ಮೇಲೆ ಎರಡು ಹನಿ ಬಿದ್ದವು. ಇದು ಒಂಬತ್ತು ವರ್ಷದಲ್ಲಿ ಮೊದಲ ಮಾತು ಎಂದು ಚಿನ್ನಕ್ಕನಿಗೂ ಆಗಲೇ ಹೊಳೆದದ್ದು. ಆದರೆ ಕಟ್ಟೆ ಒಡೆದ ಮೇಲೆ ನೀರನ್ನು ಹಿಂದಕ್ಕೆ ಕರೆಯುವುದುಂಟೇ?

"ಗೊತ್ತಾಗಿಲ್ಲ ಅಂತೀಯಲ್ಲೋ! ಮೊದಲ್ನೇ ದಿನ ಮೋಟುಕಿವೀನ ಒಯ್ದೆ. ಹತ್ತು ಹೆಜ್ಜೆ ಹೋಗಿರ್ಲಿಲ್ಲ, ಅದರ ಮರಿ ಅತ್ತ ತಿರುಗಿ ನಿಂತಿತ್ತು. ಎರಡ್ನೇ ದಿನ ಕೆಂಚಿ. ಅದು ಇಲ್ದಿದ್ರೆ ಆ ಕರಿ ಟಗರು ಮೇಯೋದೇ ಇಲ್ಲ, ಗೊತ್ತಾಗದೆ ಇರ್ತೈತಾ? ನಿನ್ನೆ ಗೌರಿ. ಅದರ ಕಾಲಿಗೆ ಮುಳ್ಳು ಚುಚ್ಚಿತ್ತು, ಅದನ್ನ ಎಳ್ಕೊಂಡು ಹೋದ್ಯಲ್ಲ, ನಿಂಗೆ ಕಣ್ಣಿಲ್ವಾ?"

ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಪ್ರೊಫೆಸರಿಗೆ ಇಷ್ಟು ಶ್ರೇಷ್ಠವಾದ ಮಾಹಿತಿಯನ್ನು ಯಾರೂ ಒದಗಿಸಿರಲಿಲ್ಲ. ಅವರ ಹೊಸ ಸಿದ್ಧಾಂತ ಅಲ್ಲೇ ಬೇವಿನ ಬುಡದಲ್ಲಿ ಪ್ರಾಣ ಬಿಟ್ಟಿತು. ಅವರು ಒಂದಕ್ಷರ ಬರೆದುಕೊಳ್ಳಲಿಲ್ಲ. ನೋಟ್‌ಬುಕ್ ಕೈಜಾರಿ ಬಿದ್ದದ್ದೂ, ಗೌರಿ ಅದರ ಮೊದಲ ಪುಟವನ್ನು ಮೇಯತೊಡಗಿದ್ದೂ ಅವರಿಗೆ ಗೊತ್ತಾಗಲಿಲ್ಲ.

"ನೀವೇ ಬಗೆಹರ್ಸ್ಕೊಳ್ಳಿ," ಎಂದು ಬೊಮ್ಮಣ್ಣ ಕುರಿಯ ಹಗ್ಗ ಬಿಚ್ಚಿ ಚಿನ್ನಕ್ಕನ ಕೈಗೆ ಕೊಟ್ಟ. ದೆಹಲಿಯ ಕಡೆ ಕಾಗದ ಬರೆಯಬೇಕೆಂದಿದ್ದ ವಿಚಾರವನ್ನು ಅವನು ಕೈಬಿಟ್ಟ. ಅಲ್ಲಿಯೂ ಇಂಥವರೇ ಇದ್ದರೆ ತಡೆಯುವುದು ಕಷ್ಟ ಎಂದುಕೊಂಡ.

ಠಾಣೆಯಿಂದ ಹಟ್ಟಿಗೆ ಆರು ಮೈಲಿ. ಮುಂದೆ ಮೂರು ಕುರಿ, ಹಿಂದೆ ಚಿನ್ನಕ್ಕ, ಅವಳ ಪಕ್ಕದಲ್ಲಿ ಪ್ರೊಫೆಸರು. ಚಿನ್ನಕ್ಕ ಒಂಬತ್ತು ವರ್ಷದ ಬೈಗುಳವನ್ನು ಇಸವಿವಾರು ಬೈಯುತ್ತಿದ್ದಳು. ತೊಂಬತ್ತನಾಲ್ಕಕ್ಕೇ ಒಂದು ಮೈಲಿ ಹಿಡಿಯಿತು. ಹಸೆಗೆ ಬರುವ ಹೊತ್ತಿಗೆ ಹೆಣ್ಣು ಬಾಗಿಲ ಕಡೆ ಎಷ್ಟು ಸಲ ನೋಡಿತು, ತಾನು ಎಷ್ಟು ಸಲ ರಸ್ತೆಗೆ ಬಂದು ನಿಂತಳು, ಬೀಗರ ಮುಂದೆ ಏನೆಂದು ಸುಳ್ಳು ಹೇಳಿದಳು. ತೊಂಬತ್ತೈದರಲ್ಲಿ ರೂಪಳ ಮೊದಲ ಹೆರಿಗೆ. ತೊಂಬತ್ತಾರರಲ್ಲಿ ತನಗೆ ಜ್ವರ ಬಂದು ಹದಿನೈದು ದಿನ ಮಲಗಿದ್ದು. ಆಗೆಲ್ಲ ಯಾವ ಬಸ್ಸು ನಿಂತರೂ ಮಾರುತ ಇಳಿದನೇನೋ ಎಂದು ಗಾದ್ರಪ್ಪನನ್ನು ಹೊರಗೆ ಕಳಿಸುತ್ತಿದ್ದದ್ದು. ಮಾರುತೇಶರ ಚಪ್ಪಲಿ ಒಂದು ಕಡೆ ಕಿತ್ತುಹೋಗಿತ್ತು. ಅವರು ಒಂದು ಶಬ್ದವನ್ನೂ ಬಿಡದೆ ಕೇಳುತ್ತಿದ್ದರು.

ಹಿಂದಿನಿಂದ ಚಳ್ಳಕೆರೆ ಬಸ್ಸು ಬಂದು ಪಕ್ಕದಲ್ಲಿ ನಿಂತಿತು. ಕಂಡಕ್ಟರ್ ತಲೆ ಹೊರಹಾಕಿದ. "ಬಿಸಿಲಾಗ್ಯಾಕೆ ನಡೀತೀರಿ ಸಾರ್? ಹತ್ರಿ. ಕುರಿ ಮೇಲೆ ಹಾಕಣ. ಹತ್ತು ನಿಮಿಷಕ್ಕೆ ಮನೆ ಮುಟ್ಟುಸ್ತೀವಿ."

ಹಟ್ಟಿ ಇನ್ನೂ ಮೂರು ಮೈಲಿ ಇತ್ತು. ಅಕ್ಕ ಇನ್ನೂ ತೊಂಬತ್ತೇಳರಲ್ಲಿದ್ದಳು.

"ಬೇಡಪ್ಪ, ನೀನು ಹೋಗು," ಎಂದರು ಪ್ರೊಫೆಸರು. ಬಸ್ಸು ಧೂಳೆಬ್ಬಿಸಿ ಮರೆಯಾಗುವವರೆಗೆ ತಾಳಿ, ಅಕ್ಕನ ಕಡೆ ತಿರುಗಿ, "ಹೇಳಕ್ಕಾ. ತೊಂಬತ್ತೇಳರಲ್ಲಿ ಏನಾಯ್ತು?" ಎಂದರು.